ಮೋಲು, ಮೊಲ ಮತ್ತು ಅಜ್ಜಿಯ ಸೂಜಿ



ಹೋದ ಭಾನುವಾರ ಪಿಯುಸಿ ಓದುವ ಮೊಮ್ಮಗಳು ನೋಟ್‌ಬುಕ್ ಹಿಡಿದು ಪಡಸಾಲೆಗೆ ಬಂದಳು. "ಅಜ್ಜಾ, ಗಂಟೆಗೆ 4.8 ನ್ಯಾನೊಮೋಲ್ ಇನ್ಸುಲಿನ್ ಹರಿದರೆ ನಿಮಿಷಕ್ಕೆ ಎಷ್ಟು ಪಿಕೊಮೋಲ್? ನನ್ನ ಲೆಕ್ಕ ಸರಿ ಐತೇನು ನೋಡು" ಅಂದಳು.

ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದ ನನ್ನ ಮನೆಯವರು ತಲೆ ಎತ್ತಿದರು. "ಮೊಲಕ್ಕೂ ಸಕ್ಕರೆ ಕಾಯಿಲೆ ಬರತೈತೇನವ್ವಾ?"

ನಾವಿಬ್ಬರೂ ನಕ್ಕೆವು. ಆದರೆ ಆಕೆಯ ಮಾತಿನಲ್ಲೂ ನಿಜವಿತ್ತು, ಅದನ್ನು ಆಮೇಲೆ ಹೇಳುತ್ತೇನೆ.

ನಾನು ಓದಿದ್ದು ಬಿ.ಕಾಂ. ರಸಾಯನಶಾಸ್ತ್ರಕ್ಕೂ ನನಗೂ ದೂರ. ಮೋಲ್ ಎಂದರೇನು ಎಂದು ಅವಳನ್ನೇ ಕೇಳಿದೆ. ಡಜನ್ ಎಂದರೆ 12, ಗ್ರೋಸ್ ಎಂದರೆ 144 ಇದ್ದ ಹಾಗೆ, ಮೋಲ್ ಕೂಡ ಒಂದು ಎಣಿಕೆ. ಸುಮಾರಾಗಿ 6ರ ಮುಂದೆ 23 ಸೊನ್ನೆ ಬರೆದರೆ ಎಷ್ಟಾಗುತ್ತದೋ ಅಷ್ಟು ಕಣಗಳು. 18 ಗ್ರಾಂ ನೀರು, ಅಂದರೆ ಒಂದು ಗುಟುಕು ನೀರು, ಒಂದು ಮೋಲ್. ಅದನ್ನು ಸಾವಿರ ಪಾಲು ಮಾಡಿದರೆ ಮಿಲಿಮೋಲ್, ಮತ್ತೆ ಸಾವಿರ ಪಾಲು ಮಾಡಿದರೆ ಮೈಕ್ರೊಮೋಲ್, ಮತ್ತೆ ಮಾಡಿದರೆ ನ್ಯಾನೊಮೋಲ್, ಇನ್ನೂ ಒಮ್ಮೆ ಮಾಡಿದರೆ ಪಿಕೊಮೋಲ್.

ಇಷ್ಟು ತಿಳಿದ ಮೇಲೆ ಉಳಿದದ್ದು ಬ್ಯಾಂಕಿನ ಲೆಕ್ಕವೇ. ಅವಳ ಉತ್ತರ ನೋಡಿದೆ: 2,88,000. 4.8ನ್ನು ಸಾವಿರದಿಂದ ಗುಣಿಸಿ, ಮತ್ತೆ 60ರಿಂದಲೂ ಗುಣಿಸಿದ್ದಳು.

"ತಂಗೀ, ಗಂಟೆಗೆ 4.8 ನ್ಯಾನೊಮೋಲ್ ಅಂದರೆ 4,800 ಪಿಕೊಮೋಲ್. ಇಡೀ ಗಂಟೆಗೆ ಹರಿಯೋದೇ ಅಷ್ಟು. ಒಂದು ನಿಮಿಷಕ್ಕೆ ಎರಡು ಲಕ್ಷದ ಎಂಬತ್ತೆಂಟು ಸಾವಿರ ಹೆಂಗ ಹರೀತು? ತಿಂಗಳ ಪಗಾರಕ್ಕಿಂತ ದಿನದ ಪಗಾರ ಜಾಸ್ತಿ ಆಗತೈತೇನು?"

ಅವಳು ಹಣೆ ಬಡಿದುಕೊಂಡಳು. 4,800ನ್ನು 60ರಿಂದ ಭಾಗಿಸಬೇಕು. ಉತ್ತರ 80.

ಇಂಥ ಲೆಕ್ಕದಲ್ಲಿ ಎರಡು ಬದಲಾವಣೆ ಇರುತ್ತವೆ. ಒಂದು ಅಳತೆಯದು, ಇನ್ನೊಂದು ಕಾಲದ್ದು. ಅಳತೆಯದು ನಮ್ಮ ಕಡೆಯವರಿಗೆ ಹೊಸದಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ ಕ್ವಿಂಟಲ್ ದರ ಕೂಗುತ್ತಾರೆ, ಮನೆಗೆ ಕೊಳ್ಳುವವರು ಕಿಲೋ ದರ ಕೇಳುತ್ತಾರೆ. ಎರಡು ಸೊನ್ನೆ ತೆಗೆದರೆ ಆಯಿತು. ತಪ್ಪು ಬೀಳುವುದು ಕಾಲದ ಲೆಕ್ಕದಲ್ಲಿ. "ಬ್ಯಾಂಕಿನ್ಯಾಗ ನೂರಕ್ಕೆ ಹನ್ನೆರಡು, ಸಾಹುಕಾರರ ಹತ್ರ ನೂರಕ್ಕೆ ಎರಡೇ" ಎಂದು ಹಿಗ್ಗಿದ ಎಷ್ಟೋ ಜನರನ್ನು ನಾನು ಕೌಂಟರಿನಲ್ಲಿ ಕಂಡಿದ್ದೇನೆ. ಬ್ಯಾಂಕಿನ ಹನ್ನೆರಡು ವರ್ಷಕ್ಕೆ, ಸಾಹುಕಾರರ ಎರಡು ತಿಂಗಳಿಗೆ. ವರ್ಷಕ್ಕೆ ತಂದರೆ ಅದು ಇಪ್ಪತ್ನಾಲ್ಕು!

ಇನ್ನು ಮೊಲದ ಮಾತು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. ಆಗ ಅದು ಶುದ್ಧವಾಗಿ ಸಿಗುತ್ತಿರಲಿಲ್ಲ, ಹಾಗಾಗಿ ತೂಗಿ ಕೊಡಲು ಬರುತ್ತಿರಲಿಲ್ಲ. ಮೊಲಕ್ಕೆ ಚುಚ್ಚಿ, ಅದರ ರಕ್ತದ ಸಕ್ಕರೆ ಎಷ್ಟು ಇಳಿಯಿತು ಎಂದು ನೋಡಿಯೇ 'ಯೂನಿಟ್' ಗೊತ್ತುಮಾಡಿದರು. ಆ ಯೂನಿಟ್ ಇಂದಿಗೂ ಇದೆ. ಒಂದು ಯೂನಿಟ್ ಎಂದರೆ ಸುಮಾರು 6 ನ್ಯಾನೊಮೋಲ್. ಗಂಟೆಗೆ ಒಂದು ಯೂನಿಟ್ ಎಂದರೆ ಗಂಟೆಗೆ 6,000 ಪಿಕೊಮೋಲ್, ನಿಮಿಷಕ್ಕೆ ಸರಿಯಾಗಿ 100. ನೆನಪಿಡಲು ಎಷ್ಟು ಸುಲಭ ನೋಡಿ!

ಆರೋಗ್ಯವಂತ ದೊಡ್ಡವರ ದೇಹ ಊಟವಿಲ್ಲದ ಹೊತ್ತಿನಲ್ಲೂ ಗಂಟೆಗೆ ಸುಮಾರು ಅರ್ಧದಿಂದ ಒಂದು ಯೂನಿಟ್ ಇನ್ಸುಲಿನ್ ಒಸರುತ್ತಿರುತ್ತದೆ. ಮೊಮ್ಮಗಳ ಲೆಕ್ಕದ 80 ಪಿಕೊಮೋಲ್ ಅದರೊಳಗೇ ಬರುತ್ತದೆ. ಅದನ್ನು ಕಣಗಳಲ್ಲಿ ಎಣಿಸಿದರೆ ಸೆಕೆಂಡಿಗೆ ಸುಮಾರು 80 ಸಾವಿರ ಕೋಟಿ! ಇಷ್ಟು ದೊಡ್ಡ ಮೊತ್ತದ ಲೆಜರ್ ನಾನು ಎಂದೂ ಬರೆದಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ಮನೆಯವರ ಸಕ್ಕರೆ ಇದ್ದಕ್ಕಿದ್ದಂತೆ ಏರಿತು. ಹತ್ತು ದಿನ ನಾನು ಅವರನ್ನು ಗದರಿದೆ: "ಕದ್ದು ಹೋಳಿಗೆ ತಿಂತೀಯೇನು?" ಪಾಪ, ಇಲ್ಲ ಎಂದು ಕಣ್ಣಲ್ಲಿ ನೀರು ತಂದರು. ಕೊನೆಗೆ ವೈದ್ಯರು ಸೀಸೆಯನ್ನೂ ಸಿರಿಂಜನ್ನೂ ಮೇಜಿನ ಮೇಲೆ ಜೋಡಿಸಿ ತೋರಿಸಿದರು. ಸೀಸೆಯ ಮೇಲೆ 40 ಎಂದಿತ್ತು, ಅಂದರೆ ಒಂದು ಮಿಲಿಲೀಟರಿಗೆ 40 ಯೂನಿಟ್. ನಾನು ತಂದ ಸಿರಿಂಜು ಕಿತ್ತಳೆ ಮುಚ್ಚಳದ್ದು, 100ರದ್ದು. ಅದರಲ್ಲಿ 20ರ ಗೆರೆಗೆ ಬರುವುದು 0.2 ಮಿಲಿಲೀಟರ್. 40ರ ಔಷಧದಲ್ಲಿ ಅದು 8 ಯೂನಿಟ್ ಮಾತ್ರ. ದಿನವೂ 20 ಬೇಕಾದಲ್ಲಿ 8 ಕೊಟ್ಟಿದ್ದೆ! ಮೂವತ್ತೈದು ವರ್ಷ ಪೈಸೆ ತಪ್ಪದೆ ಲೆಕ್ಕ ಹೊಂದಿಸಿದವನು ಮನೆಯಲ್ಲಿ ಎಡವಿದ್ದೆ. ಅಂದೇ ಅವರ ಕ್ಷಮೆ ಕೇಳಿದೆ.

ತಿರುಗಾ-ಮುರುಗಾ ಆಗಿದ್ದರೆ ಇನ್ನೂ ಅಪಾಯ. 100ರ ಔಷಧವನ್ನು 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ 50 ಯೂನಿಟ್ ಹೋಗುತ್ತದೆ. ಸಕ್ಕರೆ ಪೂರ್ತಿ ಕುಸಿದು ಜೀವಕ್ಕೇ ಕುತ್ತು.

ಮಕ್ಕಳೇ, ಇವತ್ತೇ ಒಂದು ಕೆಲಸ ಮಾಡಿ. ಅಜ್ಜಿಯದೋ ಅಜ್ಜನದೋ ಸೀಸೆ ಮತ್ತು ಸಿರಿಂಜು ಎರಡರ ಮೇಲೂ ಇರುವ ಸಂಖ್ಯೆ ಓದಿ. 40ಕ್ಕೆ 40, ಕೆಂಪು ಮುಚ್ಚಳ. 100ಕ್ಕೆ 100, ಕಿತ್ತಳೆ ಮುಚ್ಚಳ. ಹೊಂದದಿದ್ದರೆ ನೀವೇ ಲೆಕ್ಕ ಹಾಕಿ ಸರಿಮಾಡಲು ಹೋಗಬೇಡಿ, ವೈದ್ಯರಿಗೆ ತೋರಿಸಿ. ನವೆಂಬರ್ 14 ನಿಮಗೆ ಮಕ್ಕಳ ದಿನ. ಬ್ಯಾಂಟಿಂಗ್ ಹುಟ್ಟಿದ ದಿನವೂ ಅದೇ, ಆದ್ದರಿಂದ ವಿಶ್ವ ಮಧುಮೇಹ ದಿನವೂ ಹೌದು. ಮೊಮ್ಮಕ್ಕಳಿಗೂ ಅಜ್ಜ-ಅಜ್ಜಿಯರಿಗೂ ಒಂದೇ ಹಬ್ಬ!

ಈ ವಾರದ ಲೆಕ್ಕ: ಒಂದು ಪಂಪು ಗಂಟೆಗೆ 0.9 ಯೂನಿಟ್ ಇನ್ಸುಲಿನ್ ಕೊಡುತ್ತದೆ. ನಿಮಿಷಕ್ಕೆ ಎಷ್ಟು ಪಿಕೊಮೋಲ್? ಸೆಕೆಂಡಿಗೆ ಎಷ್ಟು? ಬಿಡಿಸಿದ ಮೇಲೆ, ಸೆಕೆಂಡಿನ ಉತ್ತರ ನಿಮಿಷದ್ದಕ್ಕಿಂತ ಚಿಕ್ಕದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಉತ್ತರ ಮುಂದಿನ ವಾರ.