ಬೆರಕೆ ಕೂಸಿಗೆ ಆಟದಲ್ಲೂ ಜಾಗವಿಲ್ಲವೇ?

2024ರ ಸೆಪ್ಟೆಂಬರಿನಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಹೊಸ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಮಾರುಕಟ್ಟೆಗೆ ಬಂತು. ಅದರಲ್ಲಿ ಆಡುವವರು ಆರಿಸಿಕೊಳ್ಳಬಹುದಾದ ಕುಲಗಳ ಪೈಕಿ ಎಲ್ಫ್ ಇದ್ದಾನೆ, ಓರ್ಕ್ ಇದ್ದಾನೆ, ಕುಳ್ಳ ಡ್ವಾರ್ಫ್ ಇದ್ದಾನೆ, ನಮ್ಮ ನಿಮ್ಮಂಥ ಮನುಷ್ಯನೂ ಇದ್ದಾನೆ. ಹಿಂದಿನ ಪುಸ್ತಕದಲ್ಲಿದ್ದ ಇಬ್ಬರು ಮಾತ್ರ ಕಾಣೆಯಾಗಿದ್ದಾರೆ. ಎಲ್ಫ್ ಮತ್ತು ಮನುಷ್ಯರಿಗೆ ಹುಟ್ಟಿದ ಅರ್ಧ ಎಲ್ಫ್ ಒಬ್ಬ, ಓರ್ಕ್ ಮತ್ತು ಮನುಷ್ಯರಿಗೆ ಹುಟ್ಟಿದ ಅರ್ಧ ಓರ್ಕ್ ಇನ್ನೊಬ್ಬ. ಯಾರನ್ನೇ ಆಗಲಿ ‘ಅರ್ಧ’ ಎಂದು ಗುರುತಿಸುವುದೇ ಪೂರ್ವಗ್ರಹ ಎನ್ನುವುದು ತಯಾರಕರ ಸಮಜಾಯಿಷಿ. ಬೇಕೆಂದವರು 2014ರ ಹಳೆಯ ಪುಸ್ತಕದಿಂದ ಅವರನ್ನು ಕರೆತಂದು ಆಡಿಕೊಳ್ಳಬಹುದಂತೆ. ಮನೆಯೊಳಗೆ ಸೇರಿಸದೆ, ಹಿತ್ತಲ ಬಾಗಿಲು ತೆರೆದೇ ಇದೆ ಅಂದಂತಾಯಿತು.

ಬಸವಕಲ್ಯಾಣದ ಕಡೆಯವನೊಬ್ಬ ಅಮೆರಿಕದ ದಾಳದಾಟದ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಓದಲಿಕ್ಕೆ, ದುಡಿಯಲಿಕ್ಕೆ ಬೆಂಗಳೂರು, ಹೈದರಾಬಾದ್ ಸೇರಿದ ನಮ್ಮ ಹುಡುಗರು ಇಂಥ ಆಟಗಳನ್ನು ಆಡುತ್ತಾರೆ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಬೆರಕೆ ಸಂಬಂಧವನ್ನು ಕಣ್ಣೆದುರು ಇಡಬೇಕೋ ಮುಚ್ಚಿಡಬೇಕೋ ಎಂಬ ಜಗಳದಲ್ಲಿ ನಮ್ಮ ಊರಿಗಿರುವ ಅನುಭವ ಬೇರೆ ಯಾವ ಊರಿಗೂ ಇಲ್ಲ. ಕಲ್ಯಾಣ ಹೊತ್ತಿ ಉರಿದದ್ದೇ ಒಂದು ಮದುವೆಗೆ. ಸಮಗಾರ ಹರಳಯ್ಯನ ಮಗ ಶೀಲವಂತನಿಗೆ ಬ್ರಾಹ್ಮಣ ಮಂತ್ರಿ ಮಧುವರಸನ ಮಗಳನ್ನು ಕೊಟ್ಟರು. ಜನರ ಬಾಯಲ್ಲಿ ಅವಳು ಲಾವಣ್ಯವತಿ, ಕಾರ್ನಾಡರ ‘ತಲೆದಂಡ’ ನಾಟಕದಲ್ಲಿ ಕಲಾವತಿ. ಬೀಗರಿಬ್ಬರಿಗೂ ಸಿಕ್ಕಿದ್ದು ಎಳೆಹೂಟೆ, ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸುವ ಶಿಕ್ಷೆ. ಇದರಲ್ಲಿ ಎಷ್ಟು ಇತಿಹಾಸ, ಎಷ್ಟು ಪುರಾಣ ಎಂಬ ಚರ್ಚೆಯನ್ನು ವಿದ್ವಾಂಸರು ಮಾಡಿಕೊಳ್ಳಲಿ. ಎಂಟು ಶತಮಾನಗಳಿಂದ ಈ ನೆಲ ತನ್ನ ಬಗ್ಗೆ ಹೇಳಿಕೊಂಡು ಬಂದ ಕಥೆ ಇದೇ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂಡುತ್ತಾರೆ. ಪ್ರತಿಯೊಬ್ಬರದೂ ಒಂದೊಂದು ಪಾತ್ರ. ಕಥೆ ನಡೆಸುವವನನ್ನು ಡಿಎಂ ಅನ್ನುತ್ತಾರೆ, ನಮ್ಮ ಬಯಲಾಟದ ಭಾಗವತನ ಹಾಗೆ. ಬರೆದಿಟ್ಟ ಮಾತು ಇರುವುದಿಲ್ಲ, ಬಾಯಿಗೆ ಬಂದದ್ದೇ ಸಂಭಾಷಣೆ. ಕತ್ತಿ ತಾಗಿತೋ ತಪ್ಪಿತೋ ದಾಳ ಹೇಳುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟದ ಜಗತ್ತು ಜನಾಂಗಗಳಾಗಿ ಹಂಚಿಹೋಗಿದೆ, ಜನಾಂಗ ಜನಾಂಗಗಳ ನಡುವೆ ಹಗೆ ಇದೆ. ಈಗಿನ ತಕರಾರು ಹುಟ್ಟಿದ್ದು ಈ ಹಗೆಯಿಂದ.

1978ರ ಕೈಪಿಡಿಯಲ್ಲಿ ಒಂದು ಕೋಷ್ಟಕ ಇತ್ತು. ಯಾವ ಜನಾಂಗಕ್ಕೆ ಯಾವ ಜನಾಂಗ ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ ಎಂಬುದನ್ನು ಚೌಕಳಿಗಳಲ್ಲಿ ಅಕ್ಷರ ಹಾಕಿ ಅಚ್ಚು ಮಾಡಿದ್ದರು. ಡ್ವಾರ್ಫ್ ಮತ್ತು ಎಲ್ಫ್ ನಡುವೆ ಅಸಹನೆ. ಡ್ವಾರ್ಫ್ ಮತ್ತು ಅರ್ಧ ಓರ್ಕ್ ನಡುವೆ ನೇರ ದ್ವೇಷ. ಹೆಚ್ಚಿನ ಕಸುಬುಗಳಲ್ಲಿ ಮನುಷ್ಯನಿಗೆ ಮಾತ್ರ ಮಿತಿಯಿಲ್ಲದ ಏಳಿಗೆ, ಉಳಿದವರು ಇಂತಿಷ್ಟೇ ಮೆಟ್ಟಿಲು ಹತ್ತಬಹುದು. ಹೆಣ್ಣು ಪಾತ್ರದ ತೋಳ್ಬಲಕ್ಕೂ ಒಂದು ಮಿತಿ. ಮನುಸ್ಮೃತಿಗೆ ದಾಳ ಕಟ್ಟಿದರೆ ಏನಾಗಬಹುದೋ ಅದು. 2016ರಲ್ಲಿ ಬಂದ ‘ವೋಲೋಸ್ ಗೈಡ್ ಟು ಮಾನ್‌ಸ್ಟರ್ಸ್’ ಪುಸ್ತಕದಲ್ಲೂ ಓರ್ಕ್ ಆಗಿ ಆಡುವವನ ಬುದ್ಧಿಯಲ್ಲಿ ಎರಡು ಅಂಕ ಕಳೆಯಬೇಕಾಗಿತ್ತು. ಹುಟ್ಟಿದ ತಪ್ಪಿಗೆ ಎರಡು ಅಂಕ.

2020ರಲ್ಲಿ ಅಮೆರಿಕದ ಬೀದಿಗಳಲ್ಲಿ ಕರಿಯರ ಜೀವಕ್ಕೂ ಬೆಲೆಯಿದೆ ಎಂಬ ಕೂಗು ಎದ್ದಾಗ ಈ ಆಟದ ತಯಾರಕ ‘ವಿಝರ್ಡ್ಸ್ ಆಫ್ ದ ಕೋಸ್ಟ್’ ಕಂಪನಿಗೆ ಎಚ್ಚರವಾಯಿತು. ಓರ್ಕರನ್ನೂ, ಕಪ್ಪು ಮೈಬಣ್ಣದ ಡ್ರೌ ಎಲ್ಫರನ್ನೂ ಹುಟ್ಟಾ ದುಷ್ಟರೆಂದು ಚಿತ್ರಿಸಿದ್ದು ನಿಜಲೋಕದ ಜನಾಂಗಗಳನ್ನು ಹೀಗಳೆದ ಮಾತುಗಳನ್ನು ನೆನಪಿಸುತ್ತದೆ ಎಂದು ಒಪ್ಪಿತು. ಅದೇ ವರ್ಷ ಆ ಎರಡು ಅಂಕಗಳ ಕಡಿತವನ್ನೂ ತೆಗೆದುಹಾಕಿತು. ಸರಿಯಾಗಿಯೇ ಮಾಡಿತು. ‘ಇದು ಬರೀ ಕಲ್ಪನೆ, ಓರ್ಕ್ ಅನ್ನುವವನೇ ಇಲ್ಲದಿರುವಾಗ ಅವನಿಗೆ ಅವಮಾನ ಹೇಗೆ?’ ಎಂದು ಆಗ ಕೂಗಾಡಿದವರ ಮೇಲೆ ನನಗೆ ಕನಿಕರವೂ ಇಲ್ಲ. ಇಲ್ಲದ ಓರ್ಕನಿಗೆ ಅವಮಾನ ಆಗುವುದಿಲ್ಲ, ನಿಜ. ಬುದ್ಧಿ ರಕ್ತದಲ್ಲಿ ಹರಿದು ಬರುತ್ತದೆ ಎಂಬ ಸುಳ್ಳನ್ನು ಗಣಿತದ ಹಾಗೆ ಕಲಿಯುವವನು ಮಾತ್ರ ಮೇಜಿನ ಮುಂದೆ ಕೂತ ನಿಜವಾದ ಹುಡುಗ.

ಆದರೆ ಅಲ್ಲಿಂದ ಮುಂದೆ ಕತ್ತರಿ ದಾರಿ ತಪ್ಪಿತು. 2022ರ ಆಗಸ್ಟಿನಲ್ಲಿ ಬಂದ ‘ಸ್ಪೆಲ್‌ಜ್ಯಾಮರ್’ ಸಂಪುಟದಲ್ಲಿ ಹಡೋಝೀ ಎಂಬ ಕೋತಿಯಂಥ ಜನ ಇದ್ದರು. ಅವರನ್ನು ಒಬ್ಬ ಮಾಂತ್ರಿಕ ಹಿಡಿದು, ಮದ್ದು ಕುಡಿಸಿ, ಬುದ್ಧಿ ಬರಿಸಿ, ಮಾರಲು ಹೊರಟ. ಕೊನೆಗೆ ಅವನ ಶಿಷ್ಯರೇ ಅವರನ್ನು ಬಿಡಿಸಿದರು. ಕರಿಯರ ಗುಲಾಮಗಿರಿಯನ್ನು ಕೋತಿಗಳಿಗೆ ತೊಡಿಸಿದ್ದಾರೆ ಎಂದು ಓದುಗರು ಸಿಟ್ಟಾದರು, ಕಂಪನಿ ಕ್ಷಮೆ ಕೇಳಿತು, ಪೂರ್ವಕಥೆಯನ್ನು ಕಿತ್ತುಹಾಕಿತು. ಸಿಟ್ಟು ನ್ಯಾಯದ್ದು. ನನಗೆ ಒಪ್ಪಿಗೆಯಾಗದ್ದು ಮದ್ದು. ಆ ಕಥೆಯ ಕೇಡು ಅದರಲ್ಲಿ ಗುಲಾಮಗಿರಿ ಇದ್ದದ್ದಲ್ಲ. ಬುದ್ಧಿಯೂ ಬಿಡುಗಡೆಯೂ ಯಜಮಾನರ ಮನೆಯಿಂದ ದಾನವಾಗಿ ಬಂದದ್ದು. ತಾವೇ ಎದ್ದು ಸರಪಳಿ ಕಡಿದವರ ಕಥೆಯಾಗಿ ಅದನ್ನು ತಿರುಗಿ ಬರೆಯಬಹುದಿತ್ತು. ಬರೆಯುವ ಶ್ರಮ ಯಾರಿಗೆ ಬೇಕಾಗಿತ್ತು? ಅಳಿಸುವುದು ಸಲೀಸು. ಅದೇ ಸಲೀಸಿನ ದಾರಿ ಎರಡು ವರ್ಷದಲ್ಲಿ ಅರ್ಧ ಓರ್ಕನ ತನಕ ಬಂತು.

ಒಬ್ಬ ಪಾತ್ರಧಾರಿ ‘ಓರ್ಕರೆಲ್ಲ ದಡ್ಡರು’ ಅಂದರೆ ಅದು ಅವನ ಪೂರ್ವಗ್ರಹ. ಅವನು ತಪ್ಪು ಎಂದು ತೋರಿಸುವ ದಾರಿ ಆಟದಲ್ಲೇ ಇದೆ. ನಿಯಮಪುಸ್ತಕವೇ ‘ಓರ್ಕರು ದಡ್ಡರು’ ಅಂದರೆ ಅದು ಆ ಜಗತ್ತಿನ ಪ್ರಕೃತಿ, ಅಲ್ಲಿ ವಾದಕ್ಕೆ ಎಡೆಯೇ ಇಲ್ಲ. ಮೊದಲನೆಯದನ್ನು ಉಳಿಸಬೇಕು, ಎರಡನೆಯದನ್ನು ಸುಡಬೇಕು. ಕಂಪನಿ ಎರಡನೆಯದನ್ನು ಸುಟ್ಟು ಬೆಂಕಿ ಆರಿಸದೆ ಬಿಟ್ಟಿತು, ಅದು ಮೊದಲನೆಯದಕ್ಕೂ ಹತ್ತಿಕೊಂಡಿತು.

ಈ ವ್ಯತ್ಯಾಸ ನಮ್ಮ ನಾಟಕಕಾರರಿಗೆ ಚೆನ್ನಾಗಿ ಗೊತ್ತಿತ್ತು. ಲಂಕೇಶರು 1971ರಲ್ಲಿ ‘ಸಂಕ್ರಾಂತಿ’ ಬರೆದಾಗ ರುದ್ರ ಮತ್ತು ಉಷಾ ಎಂಬ ಜೋಡಿಯ ಮೂಲಕ ಇದೇ ಕಲ್ಯಾಣಕ್ಕೆ ಬಂದರು. ಮಂಡಲ್ ಮತ್ತು ಮಂದಿರದ ಬಿಸಿಯ ನಡುವೆ 1990ರಲ್ಲಿ ಬಂದ ಕಾರ್ನಾಡರ ‘ತಲೆದಂಡ’ ಇನ್ನೂ ಒಳಕ್ಕೆ ಇಳಿಯಿತು. ಅಲ್ಲಿ ಆ ಮದುವೆಗೆ ಮೊದಲು ಹೆದರುವವರು ಅರಮನೆಯವರಲ್ಲ, ಇಬ್ಬರು ತಾಯಂದಿರು. ಒಬ್ಬಳು ಸಮಗಾರರ ಮನೆಯವಳು, ಒಬ್ಬಳು ಬ್ರಾಹ್ಮಣರ ಮನೆಯವಳು. ಕಾಲ ಇನ್ನೂ ಹಣ್ಣಾಗಿಲ್ಲವೇನೋ ಎಂದು ಬಸವಣ್ಣನೇ ಹಿಂಜರಿಯುತ್ತಾನೆ. ಇನ್ನು ಬಿಜ್ಜಳ! ಕಾರ್ನಾಡರ ಬಿಜ್ಜಳ ಕ್ಷೌರಿಕ ಕುಲದವನು. ಸಿಂಹಾಸನ ಏರಿದರೂ ಕುಲದ ಹೆಸರು ಚರ್ಮದ ಹಾಗೆ ಅಂಟಿಕೊಂಡಿರುತ್ತದೆ ಎಂಬುದನ್ನು ಬಲ್ಲವನು. ಅಂಥವನ ರಾಜ್ಯದಲ್ಲೇ ಎಳೆಹೂಟೆ ನಡೆಯುತ್ತದೆ. ಪೂರ್ವಗ್ರಹ ಮೇಲಿನವರ ಬಾಯಲ್ಲಿ ಮಾತ್ರ ಇರುವ ರೋಗವಲ್ಲ, ಪೆಟ್ಟು ತಿಂದವನ ಒಳಗೂ ಮನೆ ಮಾಡುತ್ತದೆ ಎನ್ನುವುದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಕಲ್ಪನಾಲೋಕದ ಆಟ ಒಂದನ್ನೂ ನಾನು ಕಂಡಿಲ್ಲ. 1992ರಲ್ಲಿ ಅಲ್ಕಾಜಿಯವರು ‘ರಕ್ತ ಕಲ್ಯಾಣ್’ ಎಂದು ಹಿಂದಿಯಲ್ಲಿ ಆಡಿಸಿದಾಗ ದಿಲ್ಲಿಯ ಜನರಿಗೂ ಅದು ತಮ್ಮ ಕಥೆ ಅನ್ನಿಸಿದ್ದರೆ ಅದು ಈ ನಿಷ್ಠುರತೆಯಿಂದಲೇ ಇರಬೇಕು.

ಅಮೆರಿಕದವರನ್ನು ಬೈದು ಸುಮ್ಮನಾಗುವ ಹಾಗಿಲ್ಲ. ಕತ್ತರಿ ಹಿಡಿಯುವುದರಲ್ಲಿ ನಾವೇನು ಹಿಂದೆ ಬಿದ್ದವರೇ? ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ ನಾಟಕ ಬಂದದ್ದು 1986ರಲ್ಲಿ. ಅದು ಪಠ್ಯವಾದ ಮೇಲೆ, 1990ರ ದಶಕದಲ್ಲಿ, ಶರಣರಿಗೆ ಅಪಚಾರವಾಗಿದೆ ಎಂಬ ಗದ್ದಲ ಎದ್ದಿತು. ಪಿ.ವಿ. ನಾರಾಯಣರ ಕಾದಂಬರಿ ‘ಧರ್ಮಕಾರಣ’ವನ್ನು ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿತು, 2007ರಲ್ಲಿ ಸುಪ್ರೀಂ ಕೋರ್ಟ್ ಆ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಒಂದೊಂದು ಪ್ರಕರಣದ ತಿರುಳು ಒಂದೊಂದು ಬಗೆ, ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಒಳಗಿನ ಬಯಕೆ ಮಾತ್ರ ಒಂದೇ: ನಮ್ಮ ಕಲ್ಯಾಣ ಕಲೆಯಿಲ್ಲದ ಕಲ್ಯಾಣವಾಗಿರಬೇಕು. ಶರಣರು ಜಗಳವಾಡಬಾರದು, ಹೆದರಬಾರದು, ಅವರ ಮನೆಗಳಲ್ಲಿ ಜಾತಿಯ ವಾಸನೆ ಇರಬಾರದು.

2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. 770 ಅಮರಗಣಂಗಳ ಲೆಕ್ಕಕ್ಕೆ 770 ಕಂಬ, ಆಗಿನ ಅಂದಾಜು 500 ಕೋಟಿ ರೂಪಾಯಿ. ಕಟ್ಟಡ ಬೇಕು, ನಾನು ಬೇಡವೆನ್ನುವವನಲ್ಲ. ಆದರೆ ಅದರೊಳಗೆ ಏನು ಕಾಣಬೇಕು ಎಂಬ ಮಾತು ಕಂಬಗಳ ಮಾತಿನಷ್ಟು ಜೋರಾಗಿ ನಡೆಯುತ್ತಿಲ್ಲ. ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಖಂಡಿತ ತೋರಿಸುತ್ತಾರೆ, ಭಕ್ತಿಯ ಕಥೆಯಲ್ಲವೇ. ಎಳೆಹೂಟೆಯನ್ನು? ಆ ಮದುವೆಗೆ ಮುಖ ಸಿಂಡರಿಸಿದ ನೆರೆಮನೆಯವರನ್ನು? ಶಾಲೆ ಮಕ್ಕಳು ಬರುವ ಜಾಗ, ಅದೆಲ್ಲ ಯಾಕೆ ಅನ್ನುವವರು ಇದ್ದೇ ಇರುತ್ತಾರೆ. ಹಗೆಯನ್ನು ಕಾಣದ ಮಗುವಿಗೆ ಹರಳಯ್ಯ ಸತ್ತದ್ದು ಯಾಕೆ ಎಂದು ಏನು ಹೇಳುತ್ತೀರಿ? ಆನೆಗೆ ಸಿಟ್ಟು ಬಂತು ಅನ್ನುತ್ತೀರಾ?

ಇನ್ನೊಂದು ಮಾತು ನಮ್ಮ ಕಡೆ ಸಭೆಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಇದು ಸೌಹಾರ್ದದ ನೆಲ, ಇಲ್ಲಿ ಭೇದದ ಮಾತು ಬೇಡ. ಸಾಕ್ಷಿಗೆ ಮಾಣಿಕಪ್ರಭುಗಳನ್ನು ಕರೆಯುತ್ತಾರೆ. 1817ರಲ್ಲಿ ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿ, ಹುಮನಾಬಾದಿನ ಮಗ್ಗುಲ ಮಾಣಿಕನಗರದಲ್ಲಿ ನೆಲೆನಿಂತು ಸಕಲಮತ ಸಂಪ್ರದಾಯ ಕಟ್ಟಿದವರು ಅವರು. ಹಿಂದೂಗಳೂ ಮುಸ್ಲಿಮರೂ ತಮ್ಮವರೆಂದರು. ಸರಿ. ಮತಗಳು ಒಂದನ್ನೊಂದು ಅನುಮಾನದಿಂದ ನೋಡದ ಕಾಲವಾಗಿದ್ದರೆ ಸಕಲಮತ ಎನ್ನುವ ಹೆಸರನ್ನಾದರೂ ಯಾರು ಹುಡುಕುತ್ತಿದ್ದರು?

ಅದೇ ಹುಮನಾಬಾದಿಗೆ ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆಗೆ ಬನ್ನಿ. ವೀರಭದ್ರನ ಪುರವಂತರು ಖಡ್ಗ ಹಿಡಿದು ಒಡಪು ಹೇಳುವುದನ್ನು ನಮ್ಮ ಉತ್ತರ ಕರ್ನಾಟಕದವರು ಕೇಳಿಯೇ ಬೆಳೆದಿರುತ್ತಾರೆ. ದಕ್ಷಯಜ್ಞದ ಕಥೆ ಎಂದರೆ ಏನು? ಸುಡುಗಾಡಿನವನು, ಬೂದಿ ಬಳಿದವನು, ಕುಲಗೋತ್ರ ಗೊತ್ತಿಲ್ಲದವನು ಎಂದು ಮಾವ ಅಳಿಯನನ್ನು ತುಂಬಿದ ಸಭೆಯಲ್ಲಿ ಹೀಯಾಳಿಸಿದ ಕಥೆ. ಸೊಕ್ಕಿನಲ್ಲೇ ಹುಟ್ಟಿದ ಆ ಮಾತು ಪೂರಾ ಕಿವಿಗೆ ಬೀಳಬೇಕು. ದಕ್ಷನ ಬಾಯಿ ಮುಚ್ಚಿಸಿ ವೀರಭದ್ರನನ್ನು ಕುಣಿಸಿದರೆ, ತಲೆ ಕಡಿಯುವುದು ಯಾಕೆಂದು ಯಾರಿಗೂ ತಿಳಿಯುವುದಿಲ್ಲ.

ನನ್ನ ವಾದಕ್ಕೆ ಒಂದು ಗಟ್ಟಿ ಎದುರುಮಾತು ಇದೆ, ಅದಕ್ಕೆ ಉತ್ತರ ಕೊಡದೆ ಹೋಗುವುದು ಅಪ್ರಾಮಾಣಿಕ. ರಂಗದ ಮೇಲೆ ಬೈಸಿಕೊಳ್ಳುವವನು ತಾಲೀಮು ಮಾಡಿದ ನಟ. ಮೇಜಿನ ಮುಂದೆ ಬೈಸಿಕೊಳ್ಳುವವನು ಸಂಜೆ ಖುಷಿಗೆಂದು ಬಂದ ಗೆಳೆಯ. ಹಾಸ್ಟೆಲಿನಲ್ಲಿ ಹಗಲೆಲ್ಲ ಅಡ್ಡಹೆಸರು ಏನೆಂಬ ಪ್ರಶ್ನೆ ಎದುರಿಸಿದ ದಲಿತ ಹುಡುಗ ರಾತ್ರಿ ಆಟದಲ್ಲೂ ಓರ್ಕನಾಗಿ ಅದೇ ಮಾತು ಕೇಳಬೇಕೇ? ಖಂಡಿತ ಬೇಡ. ಹೂಂ ಅನ್ನದವನ ಮೇಲೆ ಹಗೆಯ ದೃಶ್ಯ ಹೇರುವ ಡಿಎಂ ಕಥೆಗಾರನಲ್ಲ, ರ‍್ಯಾಗಿಂಗ್ ಮಾಡುವವನು. ಇದಕ್ಕೆ ಆಟಗಾರರೇ ದಾರಿ ಕಂಡುಕೊಂಡಿದ್ದಾರೆ. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಎಕ್ಸ್ ಕಾರ್ಡ್ ಪದ್ಧತಿಯಲ್ಲಿ ಗುರುತು ಹಾಕಿದ ಚೀಟಿಯೊಂದು ಮೇಜಿನ ನಡುವೆ ಇರುತ್ತದೆ. ಯಾರಾದರೂ ಮುಟ್ಟಿದರೆ ಆ ದೃಶ್ಯ ಅಲ್ಲಿಗೇ ನಿಲ್ಲುತ್ತದೆ, ಕಾರಣ ಕೇಳುವ ಹಾಗಿಲ್ಲ. ಆಟ ಶುರುವಾಗುವ ಮುಂಚೆಯೇ ಕೂತು ಯಾವುದು ಬೇಕು, ಯಾವುದು ಬೇಡ ಎಂದು ಮಾತಾಡಿಕೊಳ್ಳುವ ರೂಢಿಯೂ ಇದೆ. ಇದು ನಾಲ್ಕು ಜನ ನಾಲ್ಕು ಜನರಿಗಾಗಿ ಮಾಡಿಕೊಳ್ಳುವ ಒಪ್ಪಂದ. ದೂರದ ಕಚೇರಿಯೊಂದು ಲೋಕದ ಮೇಜುಗಳಿಗೆಲ್ಲ ಸೇರಿಸಿ ಮಾಡುವ ಅಳಿಸುವಿಕೆ ಇದಕ್ಕೆ ಸಾಟಿಯಲ್ಲ.

ಹಗೆಯನ್ನು ಇಟ್ಟುಕೊಂಡೇ ಆಟ ಚೆನ್ನಾಗಿರಬಹುದು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಇದೇ ಆಟದ ನಿಯಮಗಳ ಮೇಲೆ ಲೇರಿಯನ್ ಸಂಸ್ಥೆ 2023ರಲ್ಲಿ ಕಟ್ಟಿದ ‘ಬಾಲ್ಡರ್ಸ್ ಗೇಟ್ 3’ ನೋಡಿ. ಕೊಂಬು ಬಾಲಗಳ ಟೀಫ್ಲಿಂಗ್ ನಿರಾಶ್ರಿತರು ಒಂದು ತೋಪಿನಲ್ಲಿ ಆಸರೆ ಬೇಡುತ್ತಾರೆ. ತೋಪಿನ ಒಡೆಯರು ಹೊರಗಿನವರೆಂದು ಅವರನ್ನು ಅಟ್ಟಲು ನಿಂತಿದ್ದಾರೆ. ಕದ್ದು ಸಿಕ್ಕಿಬಿದ್ದ ಒಬ್ಬ ಪುಟ್ಟ ಹುಡುಗಿಯ ಮುಂದೆ ಹಾವು ಬಿಟ್ಟು ಹೆದರಿಸುತ್ತಾರೆ. ಟೀಫ್ಲಿಂಗ್ ರಕ್ತ ಕೆಟ್ಟದ್ದೆಂದು ಆಟದ ಲೆಕ್ಕ ಎಲ್ಲೂ ಹೇಳುವುದಿಲ್ಲ. ಹೇಳುವುದು ತೋಪಿನ ಜನ. ಎದುರಾಡುವುದೋ, ಕಂಡೂ ಕಾಣದಂತೆ ದಾಟುವುದೋ, ಅಟ್ಟುವವರ ಜೊತೆ ಸೇರುವುದೋ ಆಡುವವನಿಗೆ ಬಿಟ್ಟದ್ದು. ಅದೇ ಆಟದ ಜನಪ್ರಿಯ ನಾಯಕಿ ಶ್ಯಾಡೋಹಾರ್ಟ್ ಅರ್ಧ ಎಲ್ಫ್. ಲಕ್ಷಗಟ್ಟಲೆ ಜನ ಅವಳನ್ನು ಮೆಚ್ಚಿಕೊಂಡ ಮರುವರ್ಷವೇ ಮೂಲ ಪುಸ್ತಕ ಅವಳ ಕುಲವನ್ನು ಕೈಬಿಟ್ಟಿತು. ಅದೇ 2023ರ ಫೆಬ್ರವರಿಯಲ್ಲಿ, ಈ ಕಂಪನಿಯ ನೆರೆಯ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಹೆಸರು ಹಿಡಿದು ನಿಷೇಧಿಸಿತ್ತು. ಒಂದೇ ಸೀಮೆಯಲ್ಲಿ ಕಾನೂನಿನವರು ರೋಗಕ್ಕೆ ಹೆಸರಿಟ್ಟರು, ಆಟದವರು ರೋಗಿಯನ್ನು ಪಟ್ಟಿಯಿಂದ ತೆಗೆದರು.

ಹಾಗಾದರೆ ನಮ್ಮ ಹುಡುಗರು ಏನು ಆಡಬೇಕು? ಕಲ್ಯಾಣವನ್ನೇ ಆಡಲಿ. ಶೀಲವಂತನಿಗೂ ಆ ಹುಡುಗಿಗೂ ಒಂದು ಕೂಸು ಹುಟ್ಟಿತ್ತು ಎಂದಿಟ್ಟುಕೊಳ್ಳಿ. ನಮ್ಮ ಕಾವ್ಯ, ನಾಟಕ ಯಾವುದೂ ಅದರ ಬೆನ್ನು ಹತ್ತಿ ಹೋಗಿಲ್ಲ. ಬಿಜ್ಜಳನ ಕೊಲೆಯಾಗಿದೆ, ಶರಣರು ಚೆನ್ನಬಸವಣ್ಣನ ಹಿಂದೆ ಉಳವಿಯ ದಾರಿ ಹಿಡಿದಿದ್ದಾರೆ, ಗುಂಪಿನಲ್ಲಿ ಆ ಕೂಸೂ ಇದೆ. ಅದರ ಹಾಳೆಯ ಮೇಲೆ ಬುದ್ಧಿಗೆ ಕಡಿತ ಇಲ್ಲ, ಬಲಕ್ಕೆ ಮಿತಿ ಇಲ್ಲ. ಮಿತಿಗಳೆಲ್ಲ ದಾರಿಯ ಊರುಗಳ ಹಾಳೆಯ ಮೇಲಿರಲಿ: ಯಾವ ಊರು ಬಾವಿಗೆ ಬಿಡುತ್ತದೆ, ಯಾವ ಊರು ಅಪ್ಪನ ಹೆಸರು ಕೇಳುತ್ತದೆ, ಯಾವ ಶರಣರ ಮನೆಯಲ್ಲೇ ಊಟದ ಎಲೆ ಸ್ವಲ್ಪ ದೂರ ಬೀಳುತ್ತದೆ. ದಾಳ ಉರುಳಬೇಕಾದದ್ದು ಆ ಊರುಗಳ ಪರವಾಗಿ. ಹಾಗೆ ಬರೆದ ಆಟಕ್ಕೆ ಮೊದಲ ದೂರು ಅಮೆರಿಕದಿಂದ ಬರುತ್ತದೋ ನಮ್ಮ ಜಿಲ್ಲೆಯಿಂದಲೇ ಬರುತ್ತದೋ ಎಂಬುದರ ಮೇಲೆ ಬೇಕಾದರೆ ನಾನು ಪಂಥ ಕಟ್ಟುತ್ತೇನೆ.