ಬೀಳದ ಡ್ರೋನ್ ಯಾವುದಿದೆ ಸ್ವಾಮಿ?

ಡ್ರೋನ್‌ಗೆ ಅಣುಶಕ್ತಿ ಕೂರಿಸಿದರೆ ಇಂಧನಕ್ಕೆಂದು ಇಳಿಯುವುದೇ ಬೇಡ, ತಿಂಗಳುಗಟ್ಟಲೆ ಗಡಿ ಕಾಯುತ್ತದೆ ಎಂದು ವಾದಿಸುವವರು ನಮ್ಮ ಹಾಸನದಲ್ಲೂ ಇದ್ದಾರೆ. ‘ಚಂದ್ರಯಾನದಲ್ಲಿ ಇಟ್ಟಿರಲಿಲ್ಲವೇ?’ ಎಂದು ಕೇಳುತ್ತಾರೆ.

ಇಟ್ಟಿದ್ದರು. ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲಿ ವಿಕಿರಣದಿಂದ ಕಾವು ಕೊಡುವ ಎರಡು ಪುಟ್ಟ ಹೀಟರ್‌ಗಳಿದ್ದವು. ತಲಾ ಒಂದು ವ್ಯಾಟ್! ಅಷ್ಟರಲ್ಲಿ ಯಾವ ಡ್ರೋನೂ ಏಳುವುದಿಲ್ಲ. ಒಂದು ಕಿಲೋ ಪ್ಲುಟೋನಿಯಂ-238 ಕೊಡುವ ಶಾಖವೇ ಸುಮಾರು ಅರ್ಧ ಕಿಲೋವ್ಯಾಟ್, ಅದರಲ್ಲಿ ವಿದ್ಯುತ್ ಆಗುವುದು ಚೂರುಪಾರು. ದೊಡ್ಡ ಡ್ರೋನ್ ಹಾರಿಸಲು ರಿಯಾಕ್ಟರೇ ಬೇಕು.

ಅಮೆರಿಕ 1955-57ರಲ್ಲಿ ವಿಮಾನದೊಳಗೆ ರಿಯಾಕ್ಟರ್ ಇಟ್ಟು 47 ಸಲ ಹಾರಿಸಿತು. ಎಂಜಿನ್ ತಿರುಗಿದ್ದು ಮಾಮೂಲಿ ಇಂಧನದಿಂದಲೇ. ಪೈಲಟ್‌ಗಳ ರಕ್ಷಣೆಗೆ ಸೀಸ, ರಬ್ಬರ್ ಸೇರಿಸಿ ಟನ್‌ಗಟ್ಟಲೆ ತೂಕದ ಕ್ಯಾಬಿನ್ ಕಟ್ಟಿದ್ದರು. 1961ರಲ್ಲಿ ಕೆನಡಿ ಯೋಜನೆಯನ್ನೇ ಮುಚ್ಚಿದರು. ಈಗಿನವರ ಲೆಕ್ಕ ಏನೆಂದರೆ, ಡ್ರೋನ್‌ನಲ್ಲಿ ಪೈಲಟ್ ಇಲ್ಲ, ಹಾಗಾಗಿ ಆ ತೂಕವೂ ಬೇಡ. ಮೇಲೆ ಯಾರೂ ಇಲ್ಲ, ಸರಿ. ಕೆಳಗೆ ನಾವಿದ್ದೇವಲ್ಲ?

2019ರ ಸೆಪ್ಟೆಂಬರ್‌ನಲ್ಲಿ ಡಿಆರ್‌ಡಿಒದ ರುಸ್ತುಂ-2 ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿ ಬಳಿ ಬಿತ್ತು. 2023ರ ಆಗಸ್ಟ್ 20ರಂದು ತಪಸ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲಕ್ಕೆ ಬಿತ್ತು. ಚೂರುಗಳ ಸುತ್ತ ಊರಿಗೆ ಊರೇ ನೆರೆದಿತ್ತು. ಎಲ್ಲಿ ಏನು ಬಿದ್ದರೂ ಮೊದಲು ಓಡುವವರು ನಮ್ಮವರೇ, ಮಕ್ಕಳನ್ನೂ ಕಂಕುಳಲ್ಲಿ ಹೊತ್ತು. ಅದರೊಳಗೆ ರಿಯಾಕ್ಟರ್ ಇದ್ದಿದ್ದರೆ?

1978ರಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮಾಸ್-954 ಉಪಗ್ರಹ ರಿಯಾಕ್ಟರ್ ಸಮೇತ ಕೆನಡಾದ ಉತ್ತರಕ್ಕೆ ಬಿತ್ತು. ಚೂರು ಹುಡುಕಲು ತಿಂಗಳುಗಳೇ ಹಿಡಿದವು. ಕೆನಡಾ ಕೇಳಿದ್ದು ಸುಮಾರು 60 ಲಕ್ಷ ಡಾಲರ್, ಸಿಕ್ಕಿದ್ದು 30 ಲಕ್ಷ. ಅದು ಜನ ತೀರಾ ವಿರಳವಾದ ಹಿಮದ ಬಯಲು. ಅರಕಲಗೂಡಿನ ಹೊಗೆಸೊಪ್ಪಿನ ಹೊಲಕ್ಕೋ, ಚನ್ನರಾಯಪಟ್ಟಣದ ತೆಂಗಿನ ತೋಟಕ್ಕೋ, ಹೊಳೆನರಸೀಪುರದಲ್ಲಿ ಹೇಮಾವತಿಗೋ ಬಿದ್ದರೆ ಎಷ್ಟು ವರ್ಷ ಬೇಲಿ ಹಾಕುತ್ತಾರೆ? ವಿಕಿರಣ ಇಲ್ಲವೆಂದು ಸರ್ಟಿಫಿಕೇಟ್ ಕೊಟ್ಟರೂ ಹಾಸನದ ಆಲೂಗಡ್ಡೆಯನ್ನು ಯಾವ ಮಂಡಿಯವನು ಮುಟ್ಟುತ್ತಾನೆ?

ಹಾಸನದವರಿಗೇ ಇದನ್ನು ಹೇಳಬೇಕಾಗಿ ಬಂದದ್ದು ಸೋಜಿಗ. ಸಾಲಗಾಮೆ ರಸ್ತೆಯ ಎಂಸಿಎಫ್‌ನಿಂದ ನಿಯಂತ್ರಿಸುವ ಉಪಗ್ರಹಗಳು 36,000 ಕಿ.ಮೀ. ಎತ್ತರದಲ್ಲಿ ಹತ್ತಾರು ವರ್ಷ ಬಿಸಿಲಲ್ಲೇ ಬದುಕುತ್ತಿವೆ. ಬೆಂಗಳೂರಿನ ಎನ್‌ಎಎಲ್ 2024ರಲ್ಲಿ ಚಳ್ಳಕೆರೆಯಲ್ಲಿ ಹಾರಿಸಿದ ಸೌರ ವಿಮಾನದ ತೂಕ ಬರೀ 23 ಕಿಲೋ, ಹಾರಿದ್ದು ಎಂಟು ಗಂಟೆಗೂ ಹೆಚ್ಚು. ಅದು ಹೊರುವ ಭಾರ ಕಡಿಮೆ, ಒಪ್ಪುತ್ತೇನೆ. ಆದರೆ ಹೊಲಕ್ಕೆ ಬಿದ್ದರೆ ರೈತ ಅದನ್ನು ಬದುವಿಗೆ ಎತ್ತಿಟ್ಟು ಉಳುಮೆ ಮುಂದುವರಿಸಬಹುದು.