ಮಾತ್ರೆ ಬರುವಷ್ಟರಲ್ಲಿ

“ಗ್ರಹಣದ ದಿನ ಹೊರಗೆ ಬಂದಿದ್ದಳಂತಾ?”

ಬೆನ್ನುಹುರಿ ತೆರೆದುಕೊಂಡೇ ಮಗು ಹುಟ್ಟಿದರೆ ನಮ್ಮಲ್ಲಿ ಕೇಳಿಬರುವ ಪ್ರಶ್ನೆ ಇದು. ಓದಿದವರ ಪ್ರಶ್ನೆ ಬೇರೆ: “ಫೋಲಿಕ್ ಆಸಿಡ್ ಮಾತ್ರೆ ತಗೊಂಡಿರಲಿಲ್ವಾ?” ನನ್ನ ತಕರಾರು ಈ ಎರಡನೆಯದರ ಮೇಲೆ. ಅದೂ ಬೊಟ್ಟು ಮಾಡುವುದು ತಾಯಿಯ ಕಡೆಗೇ.

ನಾನು ಭ್ರೂಣದ ಬೆಳವಣಿಗೆಯ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ಮಿದುಳು, ಬೆನ್ನುಹುರಿ ಎರಡೂ ಶುರುವಾಗುವುದು ಚಪ್ಪಟೆಯಾದ ಒಂದು ಪದರದಿಂದ. ಅದು ಮಡಚಿಕೊಂಡು, ಅಂಚುಗಳು ಕೂಡಿ ಕೊಳವೆಯಾಗುತ್ತದೆ. ಬೆನ್ನಿನ ಕಡೆ ಕೂಡದಿದ್ದರೆ ಸ್ಪೈನಾ ಬೈಫಿಡಾ. ತಲೆಯ ಕಡೆ ಕೂಡದಿದ್ದರೆ ಅನೆನ್ಸೆಫಲಿ. ಆ ಮಗು ಉಳಿಯುವುದಿಲ್ಲ. ತೀರಾ ಅಪರೂಪಕ್ಕೆ ತಲೆಯಿಂದ ಬೆನ್ನಿನವರೆಗೂ ತೆರೆದೇ ಇರುತ್ತದೆ: ಕ್ರೇನಿಯೋರಾಕಿಸ್ಕಿಸಿಸ್. ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ ಇದೆಲ್ಲ ತೀರ್ಮಾನವಾಗಿಬಿಡುತ್ತದೆ. ಅಂದರೆ, ಮುಟ್ಟು ನಿಂತು ಎರಡು ವಾರವಾಯಿತಲ್ಲ ಎಂದು ಆಕೆ ಎಣಿಸುವ ಹೊತ್ತಿಗೆ.

ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಿ ಮಾತ್ರೆ ಕೊಡುವಷ್ಟರಲ್ಲಿ ಸಾಮಾನ್ಯವಾಗಿ ಆ ಗಡುವು ದಾಟಿರುತ್ತದೆ. ರಕ್ತಹೀನತೆಗೆ ಆ ಮಾತ್ರೆ ಬೇಕೇ ಬೇಕು. ಈ ತೊಂದರೆ ತಡೆಯಲು ಮಾತ್ರ ಅದು ತಡ.

ಇದೇನು ಹೊಸ ಸಂಗತಿಯಲ್ಲ. ಫೋಲೇಟ್‌ನ ಕತೆ ಶುರುವಾದದ್ದೇ ನಮ್ಮ ಮುಂಬೈಯಲ್ಲಿ, 1928ರಲ್ಲಿ ಲೂಸಿ ವಿಲ್ಸ್ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಲು ಬಂದಾಗ. ಹಿಂದೊಮ್ಮೆ ಹೀಗಾಗಿದ್ದ ತಾಯಂದಿರಿಗೆ ಗರ್ಭಕ್ಕೆ ಮೊದಲಿನಿಂದಲೇ ಫೋಲಿಕ್ ಆಸಿಡ್ ಕೊಟ್ಟರೆ ಮರುಕಳಿಸುವುದು ಶೇ. 72ರಷ್ಟು ತಗ್ಗುತ್ತದೆಂದು 1991ರಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿತು. 1998ರಿಂದ ಅಮೆರಿಕದಲ್ಲಿ ಹಿಟ್ಟಿಗೇ ಬೆರೆಸುವುದು ಕಡ್ಡಾಯ: 100 ಗ್ರಾಂಗೆ 140 ಮೈಕ್ರೋಗ್ರಾಂ. ನಮ್ಮ ಸಾರವರ್ಧಿತ ಅಕ್ಕಿಗೆ ನಿಗದಿಯಾದದ್ದು ಕೆ.ಜಿ.ಗೆ 75ರಿಂದ 125. ಗರ್ಭಕ್ಕೆ ಮುಂಚೆ ದಿನಕ್ಕೆ 400 ಬೇಕೆನ್ನುತ್ತಾರೆ. ಎಷ್ಟು ಅಕ್ಕಿ ಬೇಯಿಸಬೇಕು, ನೀವೇ ಲೆಕ್ಕ ಹಾಕಿ.

“ಸೊಪ್ಪು, ಕಾಳು ತಿನ್ನಲಿ ಬಿಡಿ” ಅನ್ನುವವರಿದ್ದಾರೆ. ತಿನ್ನಲಿ. ಆದರೆ ಬೇಯಿಸಿದಾಗ ಫೋಲೇಟ್ ಬಹಳಷ್ಟು ಹಾಳಾಗುತ್ತದೆ. ಬಿ12 ಕೊರತೆ ಮರೆಯಾದೀತೆಂಬ ಆತಂಕವಿದ್ದರೆ ಅದನ್ನೂ ಸಾಕಷ್ಟು ಬೆರೆಸಬಹುದು. ಇಷ್ಟು ಮಾಡಿದರೂ ಕೆಲವು ಮಕ್ಕಳು ಹೀಗೆ ಹುಟ್ಟಬಹುದು. ವಂಶವಾಹಿ, ಮಧುಮೇಹ, ಅಪಸ್ಮಾರಕ್ಕೆ ಕೊಡುವ ವಾಲ್‌ಪ್ರೊಯೇಟ್, ಇವೂ ಕಾರಣಗಳೇ. ಮಾತ್ರೆ ನುಂಗಿದವಳನ್ನೂ ಇದು ಬಿಡುವುದಿಲ್ಲ ಎಂದಮೇಲೆ ಆಕೆಯನ್ನು ಕಟಕಟೆಗೆ ಎಳೆಯುವುದು ಯಾವ ವಿಜ್ಞಾನ?

ಗಳಗಂಡ ತಡೆಯಲು ಉಪ್ಪಿಗೇ ಅಯೋಡಿನ್ ಬೆರೆಸಿದೆವು. “ನೀನ್ಯಾಕಮ್ಮ ಅಯೋಡಿನ್ ನುಂಗಲಿಲ್ಲ?” ಎಂದು ಮನೆಮನೆಗೆ ಹೋಗಿ ಕೇಳಲಿಲ್ಲ. ಫೋಲಿಕ್ ಆಸಿಡ್ ವಿಷಯದಲ್ಲೂ ಸರ್ಕಾರ ತನ್ನ ಪಾಲಿನ ಕೆಲಸ ಮಾಡಲಿ. ಪ್ರಶ್ನೆ ಕೇಳಬೇಕಾದದ್ದು ಹೆರಿಗೆ ವಾರ್ಡಿನಲ್ಲಲ್ಲ, ವಿಧಾನಸೌಧದಲ್ಲಿ, ಸಂಸತ್ತಿನಲ್ಲಿ.